ಕೂಲಿಗೆ ಹೋಗುವವರ ಮಕ್ಕಳು: ಅಂಗನವಾಡಿ, ಪಾಲನಾ, ಕೂಸಿನ ಮನೆ – ಯಾವುದರ ದುಡ್ಡು ಎಲ್ಲಿಂದ ಬರುತ್ತೆ, ಕೇಳಬೇಕಾದ್ದು ಯಾರನ್ನ?

ಹೊಂಗೆನೆರಳು · 6 ಜುಲೈ 2025

ತಾಲ್ಲೂಕು ಕೇಂದ್ರವೊಂದರ ಪುರಸಭೆ ಗಡಿಯಲ್ಲಿ ಹೊಸದಾಗಿ ಎದ್ದಿರುವ ಬಡಾವಣೆಯ ಬಗ್ಗೆ ಕೇಳುತ್ತಿದ್ದೇನೆ. ಗಾರೆ ಕೆಲಸ, ಸೆಂಟ್ರಿಂಗ್, ಮನೆಗೆಲಸ, ಗಾರ್ಮೆಂಟ್ಸ್, ಇಷ್ಟೇ ಅಲ್ಲಿನ ದುಡಿಮೆ. ಮನೆಮನೆ ಎಣಿಸಿದಾಗ ಆರು ವರ್ಷದೊಳಗಿನ 46 ಮಕ್ಕಳು ಸಿಕ್ಕಿದ್ದಾರೆ, ಅವರಲ್ಲಿ ಮೂರು ತುಂಬದವರು 19. ಇರುವ ಒಂದು ಅಂಗನವಾಡಿ ಹೆದ್ದಾರಿಯ ಆಚೆ, ಒಂದೂವರೆ ಕಿ.ಮೀ. ದೂರ. ತಾಯಂದಿರು ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಬರುವುದು ಸಂಜೆ ಆರಕ್ಕೆ. ಕೈಗೂಸುಗಳನ್ನು ಒಂಬತ್ತು-ಹತ್ತು ವರ್ಷದ ಅಕ್ಕಂದಿರು ಶಾಲೆ ತಪ್ಪಿಸಿ ನೋಡಿಕೊಳ್ಳುತ್ತಿದ್ದಾರೆ.

ಮೂರು ವಿಷಯ ಗೊತ್ತಾಗಬೇಕು. ಬಡಾವಣೆಗೇ ಅಂಗನವಾಡಿ ಬೇಕೆಂದು ಕೇಳುವ ಹಕ್ಕು ಇದೆಯಾ, ಅರ್ಜಿ ಹೇಗಿರಬೇಕು? ಮೂರು ವರ್ಷದೊಳಗಿನವರನ್ನು ದಿನವಿಡೀ ನೋಡಿಕೊಳ್ಳಲು ಸರ್ಕಾರದ ಯಾವ ಯೋಜನೆಯಲ್ಲಿ ದುಡ್ಡಿದೆ? ನಾಲ್ಕು-ಐದು ವರ್ಷದವರಿಗೆ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟು ಸಿಗುತ್ತಾ? ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ತೊಟ್ಟಿಲು · 6 ಜುಲೈ

ಹಕ್ಕು ಖಂಡಿತ ಇದೆ. 2006ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟ್ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಕೊಟ್ಟ ಆದೇಶ ಸ್ಪಷ್ಟವಾಗಿದೆ: ಅಂಗನವಾಡಿ ಇಲ್ಲದ, ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿರುವ ಜನವಸತಿಯವರು ಕೇಳಿದರೆ ಕೇಳಿದ ದಿನದಿಂದ ಮೂರು ತಿಂಗಳೊಳಗೆ ಕೊಡಬೇಕು. ಹಳ್ಳಿಗೂ ಅನ್ವಯ, ಕೊಳೆಗೇರಿಗೂ ಅನ್ವಯ. ನಿಮ್ಮಲ್ಲಿ 46 ಮಕ್ಕಳಿರುವುದರಿಂದ ಅರ್ಜಿಗೆ ಬಲ ಇದೆ.

ಆದರೆ "ನಮಗೆ ಅಂಗನವಾಡಿ ಬೇಕು" ಅಂತ ಒಂದು ಹಾಳೆ ಬರೆದು ಐವತ್ತು ಸಹಿ ಹಾಕಿಸಿ ಕೊಟ್ಟರೆ ಅದು ಕಡತದೊಳಗೆ ಸೇರಿ ಅಲ್ಲೇ ಮಲಗುತ್ತೆ. ಜೊತೆಗೆ ಪಟ್ಟಿ ಇರಬೇಕು. ಪ್ರತಿ ಮಗುವಿಗೆ ಒಂದು ಸಾಲು: ಮನೆ ನಂಬರ್ ಅಥವಾ ಗುರುತು, ಮಗುವಿನ ಹೆಸರು, ಹುಟ್ಟಿದ ತಾರೀಖು, ತಾಯಿಯ ಹೆಸರು, ತಾಯಿ ಕಾರ್ಡ್ ನಂಬರ್, ಸದ್ಯ ಯಾವ ಅಂಗನವಾಡಿಯಲ್ಲಿ ಹೆಸರಿದೆ (ಇಲ್ಲದಿದ್ದರೆ "ಇಲ್ಲ"), ತಾಯಿ ಕೆಲಸಕ್ಕೆ ಹೋಗುವ ಮತ್ತು ಬರುವ ಹೊತ್ತು. ಕೊನೆಯ ಕಾಲಂ ಬಹಳ ಮುಖ್ಯ, ಶಿಶುಪಾಲನಾ ಕೇಂದ್ರ ಕೇಳುವಾಗ ಇದೇ ಪಟ್ಟಿ ಕೆಲಸಕ್ಕೆ ಬರುತ್ತೆ. ಗರ್ಭಿಣಿ, ಬಾಣಂತಿಯರದ್ದು ಬೇರೆ ಪಟ್ಟಿ ಮಾಡಿ.

ಅರ್ಜಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಅಂದರೆ ಸಿಡಿಪಿಒಗೆ. ಪ್ರತಿಗಳು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಉಪನಿರ್ದೇಶಕರಿಗೆ, ಜಿಲ್ಲಾ ಪಂಚಾಯ್ತಿ ಸಿಇಒಗೆ, ಪುರಸಭೆ ಮುಖ್ಯಾಧಿಕಾರಿಗೆ. ಸ್ವೀಕೃತಿ ಸೀಲು ಮತ್ತು ತಾರೀಖು ಇಲ್ಲದೆ ಕಚೇರಿಯಿಂದ ಹೊರಗೆ ಬರಬೇಡಿ. ಮೂರು ತಿಂಗಳ ಲೆಕ್ಕ ಶುರುವಾಗುವುದೇ ಆ ಸೀಲಿನಿಂದ. ಕಚೇರಿಯಲ್ಲಿ ಸೀಲು ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ.

ಕಡತಪಾಲ · 6 ಜುಲೈ

ತೊಟ್ಟಿಲು ಅವರು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಹೊಸ ಕೇಂದ್ರ ಮಂಜೂರು ಮಾಡುವುದು ಸಿಡಿಪಿಒ ಕೈಯಲ್ಲಿಲ್ಲ, ಜಿಲ್ಲೆಯ ಕೈಯಲ್ಲೂ ಇಲ್ಲ. ದೇಶಕ್ಕೆಲ್ಲ ಸೇರಿ ಸುಮಾರು 14 ಲಕ್ಷ ಕೇಂದ್ರ ಅಂತ ಮಂಜೂರಾತಿಯ ಮಿತಿ ಇದೆ, ಹೊಸದಕ್ಕೆ ಪ್ರಸ್ತಾವನೆ ದೆಹಲಿವರೆಗೆ ಹೋಗಬೇಕು. ಅಲ್ಲಿಗೆ ಹೋದದ್ದು ಮೂರು ತಿಂಗಳಲ್ಲಿ ವಾಪಸ್ ಬರುವುದಿಲ್ಲ.

ಹಾಗಾಗಿ ಅರ್ಜಿಯಲ್ಲಿ ಎರಡು ಬೇಡಿಕೆ ಇಡಿ. ಮೊದಲನೆಯದು ಹೊಸ ಕೇಂದ್ರ. ಎರಡನೆಯದು, ಅದಾಗುವ ತನಕ ಮಕ್ಕಳ ಸಂಖ್ಯೆ ಇಳಿದಿರುವ ಕೇಂದ್ರವೊಂದನ್ನು ಇಲ್ಲಿಗೆ ಸ್ಥಳಾಂತರಿಸುವುದು. ಹಳೇ ಪೇಟೆ ಬೀದಿಗಳಲ್ಲಿ ಏಳೆಂಟು ಮಕ್ಕಳಿರುವ ಕೇಂದ್ರ ಬಹಳ ಊರುಗಳಲ್ಲಿ ಇರುತ್ತೆ. ಪಟ್ಟಣವೇ ಬೆಳೆದು ಬಡವರು ಅಂಚಿಗೆ ಸರಿದಿದ್ದಾರೆ, ಕೇಂದ್ರ ಮಾತ್ರ ಹಳೇ ಜಾಗದಲ್ಲೇ ಉಳಿದಿದೆ. ಸ್ಥಳಾಂತರಕ್ಕೆ ಹೊಸ ಹುದ್ದೆ ಬೇಡ, ಹೊಸ ಮಂಜೂರಾತಿ ಬೇಡ, ಆದ್ದರಿಂದ ಬೇಗ ಆಗುತ್ತೆ.

ಜನಸಂಖ್ಯೆ ಲೆಕ್ಕವನ್ನೂ ಅರ್ಜಿಯಲ್ಲಿ ಬರೆಯಿರಿ. 400ರಿಂದ 800 ಜನಕ್ಕೆ ಒಂದು ಪೂರ್ಣ ಅಂಗನವಾಡಿ, 150ರಿಂದ 400ಕ್ಕೆ ಮಿನಿ ಅಂಗನವಾಡಿ. ಬಡಾವಣೆಯ ಒಟ್ಟು ಜನ 400 ದಾಟಿದರೆ ಮಿನಿ ಕೇಂದ್ರಕ್ಕೆ ಒಪ್ಪಿಕೊಳ್ಳಬೇಡಿ.

ಹೊಂಗೆನೆರಳು · 6 ಜುಲೈ

ಒಟ್ಟು ಜನ 430 ಇದ್ದಾರೆ. ಬಿಪಿಎಲ್ ಕಾರ್ಡ್ ಇಲ್ಲದ ಮನೆಗಳ ಮಕ್ಕಳನ್ನು ಪಟ್ಟಿಗೆ ಸೇರಿಸಬಹುದಾ? ಅರ್ಧಕ್ಕರ್ಧ ಮನೆಗಳವರ ಕಾರ್ಡ್ ಬೇರೆ ಜಿಲ್ಲೆಯಲ್ಲಿದೆ. ಕೆಲವು ಮಕ್ಕಳಿಗೆ ಆಧಾರ್ ಸಹ ಆಗಿಲ್ಲ.

ತೊಟ್ಟಿಲು · 6 ಜುಲೈ

ಸೇರಿಸಲೇಬೇಕು. ಅಂಗನವಾಡಿಗೆ ಬಿಪಿಎಲ್ ಷರತ್ತು ಇಲ್ಲ. ಆರು ತಿಂಗಳಿಂದ ಆರು ವರ್ಷದ ಎಲ್ಲ ಮಕ್ಕಳಿಗೂ 2013ರ ಆಹಾರ ಭದ್ರತಾ ಕಾಯ್ದೆಯಡಿ ಅದು ಹಕ್ಕು. ಕಾಯಂ ವಿಳಾಸ ಕೇಳುವುದೂ ತಪ್ಪು. ಮಗುವಿನ ಆಧಾರ್ ಇಲ್ಲದಿದ್ದರೂ ತಾಯಿಯ ಆಧಾರ್ ಮೇಲೆ ಪೋಷಣ್ ಟ್ರ್ಯಾಕರ್‌ನಲ್ಲಿ (ಅಂಗನವಾಡಿಯವರು ಬಳಸುವ ಆ್ಯಪ್) ನೋಂದಾಯಿಸಬಹುದು.

ಮುಂಗಾರ್‌ಮಳಿ · 7 ಜುಲೈ

ನಮ್ ಕಡೆ ಗುಳೇ ಹೋಗೋ ಮಂದಿಗೆ ಸಂಬಂಧಪಟ್ಟ ಮಾತು ಇಲ್ಲೇ ಹೇಳಿಬಿಡ್ತೀನ್ರಿ. ಮಗೂನ ಹೆಸರು ಹಳೇ ಊರಿನ ಅಂಗನವಾಡ್ಯಾಗ ಇದ್ರ ಇಲ್ಲಿ ಎರಡನೇ ಸಲ ಹೊಸದಾಗಿ ನೋಂದಣಿ ಮಾಡಸ್ಬ್ಯಾಡ್ರಿ. ಒಂದೇ ಆಧಾರ್ ಎರಡು ಕಡೆ ಕಂಡ್ರ ಆ್ಯಪ್ ತಡೀತದ. ಪೋಷಣ್ ಟ್ರ್ಯಾಕರ್‌ದಾಗ ವಲಸೆ ಅನ್ನೋ ವ್ಯವಸ್ಥಾ ಐತಿ, ಹಳೇ ಕೇಂದ್ರದಿಂದ ಹೊಸ ಕೇಂದ್ರಕ್ಕ ವರ್ಗ ಮಾಡ್ಲಿಕ್ಕ ಬರ್ತದ. ರಾಜ್ಯ ದಾಟಿದ್ರೂ ಆಗ್ತದ. ಗೋವಾ, ಪುಣೆ ಕಡೆ ಕೆಲಸಕ್ಕ ಹೋದೋರ ಮಕ್ಕಳಿಗೆ ಅಲ್ಲಿನ ಅಂಗನವಾಡ್ಯಾಗ ಊಟ ಕೇಳೋ ಹಕ್ಕು ಅಷ್ಟ ಇರ್ತದ. ಕಾಯ್ದೆ ಇಡೀ ದೇಶಕ್ಕ ಒಂದ ಐತಿ. ಊರು ಬಿಡೋ ಮುಂಚೆ ಕಾರ್ಯಕರ್ತೆ ಅಕ್ಕೋರಿಗೆ ಹೇಳಿ, ತಾಯಿ ಕಾರ್ಡ್ ಕೈಯಾಗ ಇಟ್ಕೊಂಡ ಹೋಗ್ರಿ. ಲಸಿಕಿ ಯಾವ್ಯಾವು ಆಗ್ಯಾವ ಅನ್ನೋದು ಅದರಾಗ ಬರದಿರ್ತದ, ಅದಿಲ್ಲಂದ್ರ ಹೊಸ ಊರಾಗ ಎಲ್ಲಾ ಮೊದಲಿಂದ ವಿಚಾರಸ್ತಾರ.

ತೊಟ್ಟಿಲು · 7 ಜುಲೈ

ಆ್ಯಪ್ ಮಾತು ಬಂತಲ್ಲ, ಈಗ ಹೊಸ ತೊಡಕು ಮುಖ ಗುರುತಿಸುವಿಕೆಯದ್ದು. ಮನೆಗೆ ಒಯ್ಯುವ ಆಹಾರಕ್ಕೆ, ಅಂದರೆ ಮೂರರೊಳಗಿನ ಮಕ್ಕಳ ಪುಷ್ಟಿ ಪ್ಯಾಕೆಟ್ಟಿಗೆ, ಈ ಜುಲೈ 1ರಿಂದ ತಾಯಿಯ ಮುಖ ಹೊಂದಾಣಿಕೆ ಕಡ್ಡಾಯ ಮಾಡಿದ್ದಾರೆ. ಮೊದಲು ಆಧಾರ್ ಇ-ಕೆವೈಸಿ, ಆಮೇಲೆ ಫೋಟೊ. ಬಹಳ ಕಡೆ ನಿಲ್ಲುವುದು ಒಟಿಪಿ ಹಂತದಲ್ಲಿ. ಆಧಾರ್‌ಗೆ ಕೊಟ್ಟಿರುವುದು ಗಂಡನ ನಂಬರ್, ಆ ಫೋನು ಹಗಲೆಲ್ಲ ಕೆಲಸದ ಸೈಟಿನಲ್ಲಿರುತ್ತೆ. ತಾಯಿಯ ನಂಬರನ್ನೇ ಆಧಾರ್‌ಗೆ ಜೋಡಿಸಿ, ಆಧಾರ್ ಕೇಂದ್ರದಲ್ಲಿ ಮಾಡಿಕೊಡುತ್ತಾರೆ. ಇ-ಕೆವೈಸಿ ಒಂದು ಸಲ ಮುಗಿದರೆ ಪ್ರತಿ ತಿಂಗಳು ಬೇಡ. ಬಡಾವಣೆಯಲ್ಲಿ ಒಂದು ಭಾನುವಾರ ಸಂಜೆ ಗಂಡಸರು ಮನೆಯಲ್ಲಿರುವಾಗ ಎಲ್ಲರದ್ದೂ ಒಟ್ಟಿಗೆ ಮಾಡಿಸಿ ಅಂತ ಮೇಲ್ವಿಚಾರಕಿಯನ್ನು ಕೇಳಿಕೊಳ್ಳಿ.

ಅಳತೆಚಮಚ · 7 ಜುಲೈ

ದುಡ್ಡಿನ ಲೆಕ್ಕ ಇಲ್ಲಿ ಯಾರೂ ಹಾಕಿಲ್ಲ, ಹಾಕಿದರೆ ಎಲ್ಲಿ ಕೊರತೆ ಇದೆ ಅನ್ನೋದು ಕಾಣುತ್ತೆ.

ಪೂರಕ ಆಹಾರಕ್ಕೆ 2017ರಲ್ಲಿ ಪರಿಷ್ಕರಿಸಿದ ದರ ಮಗುವಿಗೆ ದಿನಕ್ಕೆ 8 ರೂಪಾಯಿ. ಅದರಲ್ಲಿ 500 ಕಿಲೊ ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಸಿಗಬೇಕು. ತೀವ್ರ ಅಪೌಷ್ಟಿಕ ಮಗುವಿಗೆ 12 ರೂಪಾಯಿ, 800 ಕಿಲೊ ಕ್ಯಾಲೊರಿ. ವರ್ಷಕ್ಕೆ 300 ದಿನ. ಹಾಗಾದರೆ ಒಂದು ಮಗುವಿಗೆ ವರ್ಷಕ್ಕೆ 2,400 ರೂಪಾಯಿ, ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಬೇಳೆ, ಎಣ್ಣೆ ಬೆಲೆ 2017ರಲ್ಲಿ ಎಷ್ಟಿತ್ತು, ಈಗ ಎಷ್ಟಿದೆ ಅಂತ ಯಾವ ಗೃಹಿಣಿಯನ್ನು ಕೇಳಿದರೂ ಹೇಳುತ್ತಾರೆ.

ಕರ್ನಾಟಕದಲ್ಲಿ ಇದರ ಮೇಲೆ ಹಾಲು, ಮೊಟ್ಟೆ ಸೇರುತ್ತೆ. ಕ್ಷೀರ ಭಾಗ್ಯ 2013ರ ಆಗಸ್ಟ್ 1ರಿಂದ ಇದೆ. ಅಂಗನವಾಡಿ ಮಗುವಿಗೆ 15 ಗ್ರಾಂ ಕೆನೆಭರಿತ ಹಾಲಿನ ಪುಡಿ, 10 ಗ್ರಾಂ ಸಕ್ಕರೆ, 150 ಮಿ.ಲೀ. ಹಾಲು, ವಾರಕ್ಕೆ ಐದು ದಿನ. 30 ಮಕ್ಕಳಿದ್ದರೆ ದಿನಕ್ಕೆ 450 ಗ್ರಾಂ ಪುಡಿ, 22 ದಿನದ ತಿಂಗಳಿಗೆ 9 ಕೆಜಿ 900 ಗ್ರಾಂ. ದಾಸ್ತಾನು ಪುಸ್ತಕದಲ್ಲಿ ಈ ಸಂಖ್ಯೆ ಹಾಜರಿಗೆ ತಾಳೆಯಾಗಬೇಕು. ಬಾಲವಿಕಾಸ ಸಮಿತಿಯವರು (ಅಂಗನವಾಡಿಯ ಉಸ್ತುವಾರಿ ನೋಡುವ ಸ್ಥಳೀಯ ಸಮಿತಿ) ಪರೀಕ್ಷಿಸಬೇಕಾದ ಮೊದಲ ಲೆಕ್ಕ ಇದು.

"ಮಕ್ಕಳು ಹಾಲು ಕುಡಿಯಲ್ಲ" ಅನ್ನುವ ದೂರು ಬಹಳ ಕಡೆ ಕೇಳಿಬರುತ್ತೆ. ಮುಕ್ಕಾಲು ಪಾಲು ಅದು ಕಲಸುವ ರೀತಿಯಿಂದ. ಕುದಿಯುವ ನೀರಿಗೆ ಪುಡಿ ಸುರಿದರೆ ಗಂಟು ಕಟ್ಟುತ್ತೆ, ತಳ ಹಿಡಿಯುತ್ತೆ, ಸೀದ ವಾಸನೆ ಬರುತ್ತೆ. 450 ಗ್ರಾಂ ಪುಡಿಗೆ ಮೊದಲು ಒಂದು ಲೀಟರಿನಷ್ಟು ಉಗುರುಬೆಚ್ಚಗಿನ ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಬೇಕು. ಗಂಟೆಲ್ಲ ಒಡೆದ ಮೇಲೆ ಉಳಿದ ಮೂರೂವರೆ ಲೀಟರ್ ಬಿಸಿನೀರು ಸೇರಿಸಿ, ಕೈಯಾಡಿಸುತ್ತಾ ಒಂದು ಕುದಿ ಬರಿಸಿ, ಆಮೇಲೆ ಸಕ್ಕರೆ. ನೊರೆ ಇದ್ದಾಗಲೇ ಲೋಟಕ್ಕೆ ಹಾಕಿದರೆ ಮಕ್ಕಳು ಬಿಡುವುದಿಲ್ಲ.

ಮೊಟ್ಟೆ ಮೂರರಿಂದ ಆರು ವರ್ಷದವರಿಗೆ ವಾರಕ್ಕೆ ಎರಡು. ದುಡ್ಡು ಬಾಲವಿಕಾಸ ಸಮಿತಿಯ ಖಾತೆಗೆ ಬಂದು, ಸ್ಥಳೀಯವಾಗಿ ಕೊಳ್ಳಬೇಕು. ಪೇಟೆ ಬೆಲೆ ಸರ್ಕಾರದ ದರ ದಾಟಿದಾಗ ತೊಂದರೆ. ಒಂದು ಮೊಟ್ಟೆಗೆ ಒಂದೇ ರೂಪಾಯಿ ಹೆಚ್ಚಾದರೂ 30 ಮಕ್ಕಳಿಗೆ ತಿಂಗಳಿಗೆ 240 ರೂಪಾಯಿ ಕಾರ್ಯಕರ್ತೆಯ ಕೈಯಿಂದ ಹೋಗುತ್ತೆ. ಹಣ ಎರಡು ತಿಂಗಳು ತಡವಾದರೆ ಅಂಗಡಿಯವನ ಸಾಲವೂ ಆಕೆಯ ತಲೆ ಮೇಲೆಯೇ. ಅದಕ್ಕೇ ಕೆಲವು ಕಡೆ ಮೊಟ್ಟೆ ವಾರಕ್ಕೊಂದಾಗುತ್ತೆ, ಅರ್ಧವಾಗುತ್ತೆ. ಕಾರ್ಯಕರ್ತೆಯನ್ನು ಗದರಿಸುವ ಮುಂಚೆ ಖಾತೆಗೆ ಹಣ ಯಾವ ತಾರೀಖು ಬಂತು ಅಂತ ಪಾಸ್‌ಬುಕ್ ನೋಡಿ.

ಕಡತಪಾಲ · 7 ಜುಲೈ

ತೀವ್ರ ಅಪೌಷ್ಟಿಕತೆಯ 12 ರೂಪಾಯಿ ಮಗುವಿಗೆ ತಲುಪುವುದು ಅಳತೆ ಸರಿ ಇದ್ದರೆ ಮಾತ್ರ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಉದ್ದ ಅಳೆಯಬೇಕು, ಎರಡು ದಾಟಿದವರನ್ನು ನಿಲ್ಲಿಸಿ ಎತ್ತರ. ಎರಡರ ನಡುವೆ ಸುಮಾರು 0.7 ಸೆಂ.ಮೀ. ವ್ಯತ್ಯಾಸ ಬರುತ್ತೆ, ಅಷ್ಟರಲ್ಲೇ ಮಗು ಕೆಂಪಿನಿಂದ (ತೀವ್ರ ಅಪೌಷ್ಟಿಕತೆ) ಹಳದಿಗೆ (ಸಾಧಾರಣ) ಜಾರಿಬಿಡಬಹುದು. ತಕ್ಕಡಿ ಸೊನ್ನೆಗೆ ಬಂದಿದೆಯಾ, ಸ್ವೆಟರ್ ತೆಗೆಸಿದ್ದಾರಾ ಅಂತಲೂ ನೋಡಿ. ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೂಕದ ದಿನ ಬರಲಿ ಅಂತ ಕಾಯಬೇಡಿ, ಆಶಾ ಕಾರ್ಯಕರ್ತೆಗೆ ತಿಳಿಸಿ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಿ.

ಹೊಂಗೆನೆರಳು · 7 ಜುಲೈ

ತುಂಬ ಉಪಯೋಗವಾಯಿತು. ಆದರೆ ಅಂಗನವಾಡಿ ಬಂದರೂ ಸಮಯ ಬೆಳಿಗ್ಗೆ 9.30ರಿಂದ ಸಂಜೆ 4. ಮೂರರೊಳಗಿನ 19 ಮಕ್ಕಳಿಗೆ ಅಲ್ಲಿ ಸಿಗುವುದು ಪುಷ್ಟಿ ಪ್ಯಾಕೆಟ್, ಲಸಿಕೆ, ತೂಕ. ಅವರನ್ನು ಇಟ್ಟುಕೊಳ್ಳುವ ಜಾಗ ಅದಲ್ಲ. ಶಾಲೆ ಬಿಡಿಸಿಕೊಂಡ ಅಕ್ಕಂದಿರು ವಾಪಸ್ ಹೋಗಬೇಕಾದರೆ ಈ 19 ಮಕ್ಕಳ ಹಗಲು ಯಾರಾದರೂ ನೋಡಿಕೊಳ್ಳಬೇಕು.

ತೊಟ್ಟಿಲು · 7 ಜುಲೈ

ಇಡೀ ವ್ಯವಸ್ಥೆಯ ದೊಡ್ಡ ಕೊರತೆಯನ್ನೇ ಹೇಳಿದಿರಿ. 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ಐಸಿಡಿಎಸ್ (ಅಂಗನವಾಡಿಗಳನ್ನು ನಡೆಸುವ ಯೋಜನೆ) ಶುರುವಾದಾಗಿನಿಂದ ಮೂರರೊಳಗಿನ ಮಗುವನ್ನು ಮನೆಯಲ್ಲಿ ತಾಯಿ ನೋಡಿಕೊಳ್ಳುತ್ತಾಳೆ ಅನ್ನುವ ಲೆಕ್ಕದಲ್ಲೇ ಯೋಜನೆ ನಡೆದಿದೆ. ಕೂಲಿಗೆ ಹೋಗುವ ತಾಯಿ ಈ ಲೆಕ್ಕದಲ್ಲಿ ಸೇರಿಲ್ಲ. ಆಹಾರಕ್ಕೆ ದುಡ್ಡು ಹರಿದುಬರುತ್ತೆ, ಮಗುವನ್ನು ಎತ್ತಿಕೊಳ್ಳುವ ಕೈಗೆ ಬರುವುದಿಲ್ಲ.

ಈಗ ಇದಕ್ಕಿರುವ ನೇರ ಯೋಜನೆ "ಪಾಲನಾ". ಹಿಂದೆ ರಾಷ್ಟ್ರೀಯ ಶಿಶುಪಾಲನಾ ಕೇಂದ್ರ ಯೋಜನೆ ಅಂತ ಇದ್ದದ್ದು 2022ರಿಂದ ಕೇಂದ್ರ ಸರ್ಕಾರದ ಮಿಷನ್ ಶಕ್ತಿ ಯೋಜನೆಯೊಳಗೆ ಈ ಹೆಸರಲ್ಲಿ ಬಂದಿದೆ. ಇದರಲ್ಲಿ ಅಂಗನವಾಡಿ-ಕಮ್-ಕ್ರೆಶ್ ಅನ್ನುವ ಮಾದರಿ ಇದೆ: ಇರುವ ಅಂಗನವಾಡಿಯಲ್ಲೇ ಆರು ತಿಂಗಳಿಂದ ಆರು ವರ್ಷದ ಗರಿಷ್ಠ 25 ಮಕ್ಕಳಿಗೆ, ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ ಪಾಲನೆ. ತಾಯಿ ಕೆಲಸಕ್ಕೆ ಹೋಗುವ ದಾಖಲೆ ತರಬೇಕೆಂಬ ಷರತ್ತಿಲ್ಲ. ಖರ್ಚು ಕೇಂದ್ರ 60, ರಾಜ್ಯ 40. ಬೇರೆಯದೇ ಶಿಶುಪಾಲಕಿಗೆ ತಿಂಗಳಿಗೆ 5,500, ಸಹಾಯಕಿಗೆ 3,000, ಜೊತೆಗೆ ಅಂಗನವಾಡಿ ಕಾರ್ಯಕರ್ತೆಗೆ ಹೆಚ್ಚುವರಿ 1,500 ಮತ್ತು ಅಲ್ಲಿನ ಸಹಾಯಕಿಗೆ 750 ಗೌರವಧನ.

5,500 ರೂಪಾಯಿಗೆ ಇಡೀ ದಿನ ಕೈಗೂಸು ನೋಡಿಕೊಳ್ಳುವವರು ಎಷ್ಟು ದಿನ ನಿಲ್ಲುತ್ತಾರೆ? ಪಕ್ಕದ ಮನೆಗೆಲಸಕ್ಕೆ ಹೋದರೆ ಅದಕ್ಕಿಂತ ಹೆಚ್ಚು. ಜನ ಬಿಟ್ಟು ಹೋಗುವುದರಿಂದಲೇ ಇಂಥ ಕೇಂದ್ರಗಳು ಕುಂಟುತ್ತವೆ. ಬಾಡಿಗೆ ಕಟ್ಟಡದ ಒಂದೇ ಕೋಣೆಯಲ್ಲಿ ಕ್ರೆಶ್ ಮಾಡುವುದೂ ಆಗದ ಮಾತು. ಒಂದು ಕಡೆ ಮೂರು ವರ್ಷದವರು ಹಾಡು ಹೇಳುತ್ತಿರುತ್ತಾರೆ, ಇನ್ನೊಂದು ಕಡೆ ಎಂಟು ತಿಂಗಳ ಮಗು ನಿದ್ದೆ ಮಾಡಬೇಕು. ಮಲಗಿಸಲು ಬೇರೆ ಜಾಗ ಇಲ್ಲದ ಕೇಂದ್ರವನ್ನು ಪ್ರಸ್ತಾವನೆಯಲ್ಲಿ ತೋರಿಸಬೇಡಿ.

ಪಂಚಾಯ್ತಿಕಟ್ಟೆ · 8 ಜುಲೈ

ಹಳ್ಳಿ ಕಡೆಯವರು ಈ ಚರ್ಚೆ ಓದುತ್ತಿದ್ದರೆ ಅವರಿಗೆ ಕೂಸಿನ ಮನೆ ಇದೆ. 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯ್ತಿಗಳಿಗೆ ಘೋಷಿಸಿದ್ದು, ನರೇಗಾ ಕೂಲಿಕಾರರ ಮೂರು ವರ್ಷದೊಳಗಿನ ಮಕ್ಕಳಿಗೆ. ನೋಡಿಕೊಳ್ಳುವವರು ಊರಿನ ಜಾಬ್ ಕಾರ್ಡ್ ಇರುವ ಹೆಣ್ಣುಮಕ್ಕಳೇ. ತರಬೇತಿ ಕೊಟ್ಟು, ಕೂಲಿಯನ್ನು ನರೇಗಾದಿಂದಲೇ ಕೊಡುತ್ತಾರೆ. 2025-26ರ ದರ ದಿನಕ್ಕೆ 370 ರೂಪಾಯಿ, ಪಾಲನಾದ ಗೌರವಧನಕ್ಕಿಂತ ಎಷ್ಟೋ ವಾಸಿ.

ತೊಡಕು ಇರುವುದು ನೂರು ದಿನದ ಮಿತಿಯಲ್ಲಿ. 2025ರ ನಿಯಮದಂತೆ ಒಂದು ಕುಟುಂಬಕ್ಕೆ ವರ್ಷಕ್ಕೆ ನೂರೇ ದಿನ. ಅದು ಮುಗಿದ ಕೂಡಲೇ ಪಾಲಕಿ ಬದಲಾಗಬೇಕು. ಒಂದು ವರ್ಷದ ಕೂಸು ಒಬ್ಬರ ಮಡಿಲಿಗೆ ಹೊಂದಿಕೊಳ್ಳಲು ಮೂರು-ನಾಲ್ಕು ವಾರ ಬೇಕು, ಹೊಂದಿಕೊಂಡಿತು ಅನ್ನುವಷ್ಟರಲ್ಲಿ ಹೊಸ ಮುಖ. ಇದಕ್ಕೆ ನಮಗೆ ಸರಿ ಅನ್ನಿಸುವ ದಾರಿ, ಎಲ್ಲರನ್ನೂ ಒಟ್ಟಿಗೆ ಬದಲಿಸದೆ ಒಬ್ಬೊಬ್ಬರನ್ನಾಗಿ ಬದಲಿಸುವುದು, ಮತ್ತು ಹೊಸಬರು ಹಳಬರ ಜೊತೆ ಕೊನೆಯ ಒಂದು ವಾರವಾದರೂ ಒಟ್ಟಿಗೆ ಇರುವುದು. ಎನ್‌ಎಂಆರ್ (ಕೂಲಿಕಾರರ ಹಾಜರಿ ಪಟ್ಟಿ) ತೆಗೆಯುವಾಗಲೇ ಪಿಡಿಒ ಇದನ್ನು ಯೋಚಿಸಿದರೆ ಆಗುತ್ತೆ, ಮರುದಿನ ಯೋಚಿಸಿದರೆ ಆಗಲ್ಲ.

ಕೂಸಿನ ಮನೆ ಇಲ್ಲದ ಪಂಚಾಯ್ತಿಯಲ್ಲೂ ಕಾಯ್ದೆ ಇದೆ. ಕೆಲಸದ ಜಾಗಕ್ಕೆ ಹೆಂಗಸರ ಜೊತೆ ಐದು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ, ಅವರಲ್ಲೇ ಒಬ್ಬರನ್ನು ಮಕ್ಕಳನ್ನು ನೋಡಿಕೊಳ್ಳಲು ನೇಮಿಸಿ ಪೂರ್ತಿ ಕೂಲಿ ಕೊಡಬೇಕು. ಕೆಲಸ ಕೇಳುವ ಅರ್ಜಿಯಲ್ಲೇ ಮಕ್ಕಳ ಸಂಖ್ಯೆ ಬರೆಯಿರಿ.

ಕಟ್ಟಡದ್ದೂ ಹೇಳಿಬಿಡುತ್ತೇನೆ. ನರೇಗಾ ಒಗ್ಗೂಡಿಸಿ ಕಟ್ಟುವ ಅಂಗನವಾಡಿಗೆ 2025-26ರ ಲೆಕ್ಕದಲ್ಲಿ 12 ಲಕ್ಷ: ನರೇಗಾದಿಂದ 8, 15ನೇ ಹಣಕಾಸು ಆಯೋಗದ ಅನುದಾನದಿಂದ 2, ಇಲಾಖೆಯಿಂದ 2. ಕಾಗದದ ಮೇಲೆ ಚೆನ್ನಾಗಿದೆ. ಆದರೆ ನರೇಗಾದಲ್ಲಿ ಕೂಲಿ 60, ಸಾಮಗ್ರಿ 40 ಅನುಪಾತ ಕಾಯಬೇಕು, ಕಟ್ಟಡ ಅಂದರೆ ಸಿಮೆಂಟು-ಕಬ್ಬಿಣವೇ ಹೆಚ್ಚು. ಬದು, ಕೆರೆ ಹೂಳಿನ ಕೆಲಸ ಸಾಕಷ್ಟು ನಡೆದು ಕೂಲಿ ಕಡೆ ತೂಕ ಬಂದಿರುವ ವರ್ಷದಲ್ಲೇ ಕಟ್ಟಡ ಹಿಡಿಯಬೇಕು. ಇಲ್ಲವಾದರೆ ತಳಪಾಯ ಎದ್ದು, ಸಾಮಗ್ರಿ ಬಿಲ್ಲು ನಿಂತು, ಗೋಡೆ ಮೇಲೆ ಹುಲ್ಲು ಬೆಳೆಯುತ್ತೆ.

ಹೊಂಗೆನೆರಳು ಅವರೇ, ನಿಮ್ಮದು ಪುರಸಭೆ, ಹಾಗಾಗಿ ಇವೆರಡೂ ನಿಮಗೆ ಸಿಗುವುದಿಲ್ಲ. ಪುರಸಭೆಯ ಸಮುದಾಯ ಭವನ, ಬಳಕೆಯಿಲ್ಲದ ಶಾಲಾ ಕೊಠಡಿ ಯಾವುದಾದರೂ ಇದೆಯಾ ನೋಡಿ. ಅಂಗನವಾಡಿಗೆ ಕನಿಷ್ಠ 600 ಚದರಡಿ ಬೇಕು: ಮಕ್ಕಳ ಕೋಣೆ, ಬೇರೆ ಅಡುಗೆಮನೆ, ದಾಸ್ತಾನು, ಚಿಕ್ಕ ಮಕ್ಕಳ ಶೌಚಾಲಯ.

ಗಾರೆಮನೆ · 8 ಜುಲೈ

ಬಡಾವಣೆಯಲ್ಲಿ ಕಟ್ಟಡ ಕೆಲಸದವರೇ ಹೆಚ್ಚು ಅಂದಿರಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ "ತಾಯಿ ಮಗು ಸಹಾಯ ಹಸ್ತ" ಅಂತ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ನೋಂದಾಯಿತ ಮಹಿಳೆಗೆ ಮಗುವಿನ ಪೌಷ್ಟಿಕತೆ ಮತ್ತು ಶಾಲಾಪೂರ್ವ ಶಿಕ್ಷಣಕ್ಕೆ ಅಂತಲೇ ವರ್ಷಕ್ಕೆ 6,000 ರೂಪಾಯಿ, ಮಗುವಿಗೆ ಮೂರು ವರ್ಷ ಆಗುವವರೆಗೆ. ಹೆರಿಗೆ ಸಹಾಯಧನ 50,000 ಬೇರೆ, ಅದು ಮೊದಲ ಎರಡು ಮಕ್ಕಳಿಗೆ.

ಇಲ್ಲಿ ಜನ ಎಡವುವುದು ಒಂದೇ ಕಡೆ: ಕಾರ್ಡ್ ಗಂಡನ ಹೆಸರಲ್ಲಿರುತ್ತೆ. ಇಬ್ಬರೂ ಒಂದೇ ಸೈಟಿನಲ್ಲಿ ದುಡಿಯುತ್ತಾರೆ, ಆಕೆ ಇಟ್ಟಿಗೆ ಹೊರುತ್ತಾಳೆ, ಜಲ್ಲಿ ಹೊರುತ್ತಾಳೆ, ಆದರೂ ಮಂಡಳಿ ಪುಸ್ತಕದಲ್ಲಿ ಆಕೆ ಅವಲಂಬಿತೆ. ಈ ಸೌಲಭ್ಯ ಸಿಗುವುದು ಮಹಿಳೆ ತಾನೇ ಫಲಾನುಭವಿಯಾಗಿದ್ದರೆ. 18ರಿಂದ 60 ವರ್ಷ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ, ಇಷ್ಟಿದ್ದರೆ ಆಕೆ ಸ್ವಂತ ಕಾರ್ಡ್ ಮಾಡಿಸಬಹುದು. 90 ದಿನದ ಪ್ರಮಾಣಪತ್ರಕ್ಕೆ ಕೆಲಸ ಕೊಟ್ಟವರ ಸಹಿ ಬೇಕು. ಮೇಸ್ತ್ರಿ ಬದಲಾಗುವ ಮುಂಚೆ ಆಯಾ ಕೆಲಸದ ದಿನಗಳನ್ನು ಬರೆಸಿಕೊಳ್ಳುತ್ತಾ ಹೋಗಿ, ವರ್ಷದ ಕೊನೆಗೆ ಹುಡುಕಿದರೆ ಯಾರೂ ಸಿಗಲ್ಲ. ನವೀಕರಣದ ತಾರೀಖನ್ನು ಕಾರ್ಡ್ ಹಿಂದೆ ದೊಡ್ಡದಾಗಿ ಬರೆದಿಡಿ, ಕಾರ್ಡ್ ಅವಧಿ ಮೀರಿದ ಮೇಲೆ ಹಾಕಿದ ಅರ್ಜಿ ಬಿದ್ದುಹೋಗುತ್ತೆ.

ದೊಡ್ಡ ಸೈಟಾದರೆ ಇನ್ನೊಂದು ಹಕ್ಕಿದೆ. 50ಕ್ಕಿಂತ ಹೆಚ್ಚು ಹೆಂಗಸರು ಸಾಮಾನ್ಯವಾಗಿ ದುಡಿಯುವ ಕಟ್ಟಡ ಸ್ಥಳದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಒದಗಿಸಬೇಕು ಅಂತ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 35ನೇ ಕಲಮಿನಲ್ಲಿ 2025ರ ನವೆಂಬರ್‌ವರೆಗೆ ಇತ್ತು. ಗುತ್ತಿಗೆದಾರರು ಹೆಂಗಸರನ್ನು ನಾಲ್ಕೈದು ಉಪಗುತ್ತಿಗೆಯಲ್ಲಿ ಹಂಚಿ ತೋರಿಸಿದಾಗ ಯಾವ ಒಬ್ಬರ ಪಟ್ಟಿಯಲ್ಲೂ ಐವತ್ತು ಕಾಣುವುದಿಲ್ಲ. ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡುವಾಗ ಉಪಗುತ್ತಿಗೆದಾರರ ಹೆಸರಿಗಿಂತ ಸೈಟಿನ ಹೆಸರು, ಮುಖ್ಯ ಗುತ್ತಿಗೆದಾರರ ಹೆಸರು, ಒಟ್ಟು ಹೆಂಗಸರ ಸಂಖ್ಯೆ ಬರೆಯಿರಿ.

ಸೂಜಿದಾರ · 8 ಜುಲೈ

ಗಾರ್ಮೆಂಟ್ಸ್ ತಾಯಂದಿರಿಗೆ: 30ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಶಿಶುವಿಹಾರ ಕಡ್ಡಾಯ ಅಂತ ಕಾರ್ಖಾನೆ ಕಾಯ್ದೆಯ 48ನೇ ಕಲಮಿನಲ್ಲಿ 2025ರ ನವೆಂಬರ್‌ವರೆಗೆ ಇತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲಿ ಬಂದ ನಿಯಮದಂತೆ 50 ಅಥವಾ ಹೆಚ್ಚು ನೌಕರರಿರುವ ಕಡೆ ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರಬಹುದು. ಆದರೆ ತುಂಬಿದ ಬಸ್ಸಿನಲ್ಲಿ, ವ್ಯಾನಿನಲ್ಲಿ ಆರು ತಿಂಗಳ ಕೂಸನ್ನು ಕಂಕುಳಲ್ಲಿ ಹಿಡಿದು ಹೋಗುವುದು ಹೇಗೆ? ಶಿಶುವಿಹಾರ ಖಾಲಿ ಇರಲು ಇದೇ ಕಾರಣ. ಆಡಳಿತದವರ ಜೊತೆ ಮಾತಾಡುವಾಗ ಮಗು ಕರೆತರುವ ತಾಯಂದಿರಿಗೆ ವಾಹನದಲ್ಲಿ ಸೀಟು ಕಾಯ್ದಿಡಿ ಅಂತ ಮೊದಲು ಕೇಳಿ.

ಅಆಇಈ · 9 ಜುಲೈ

ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಆರ್‌ಟಿಇ ಮೇಲೆ ಹೆಚ್ಚು ಭರವಸೆ ಇಟ್ಟುಕೊಳ್ಳಬೇಡಿ. ಕಾಯ್ದೆಯ 12(1)(ಸಿ) ಪ್ರಕಾರ ಖಾಸಗಿ ಶಾಲೆ ಎಲ್‌ಕೆಜಿಯಿಂದ ಶುರುವಾದರೆ 25% ಸೀಟು ಅಲ್ಲಿಂದಲೇ ಕೊಡಬೇಕು. ಕರ್ನಾಟಕದಲ್ಲಿ ಸರ್ಕಾರ ಶಾಲೆಗೆ ಮರುಪಾವತಿಸುವ ಮಿತಿ ಪೂರ್ವ ಪ್ರಾಥಮಿಕಕ್ಕೆ ವರ್ಷಕ್ಕೆ 8,000, ಒಂದನೇ ತರಗತಿಯಿಂದ 16,000. ಆದರೆ 2019ರಿಂದ ನಿಯಮ ಬದಲಾಗಿದೆ. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಅನುದಾನರಹಿತ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ. ಪಟ್ಟಣದ ವಾರ್ಡಿನಲ್ಲಿ ಸರ್ಕಾರಿ ಶಾಲೆ ಇಲ್ಲದಿರುವುದು ಅಪರೂಪ.

ಒಂದು ಹೋಲಿಕೆ ಮನಸ್ಸಿಗೆ ಬರುತ್ತೆ. ಖಾಸಗಿ ಎಲ್‌ಕೆಜಿಯ ಮಗುವಿಗೆ 8,000 ಕೊಡಲು ಸಿದ್ಧವಿದ್ದ ಸರ್ಕಾರ, ಅಂಗನವಾಡಿ ಮಗುವಿನ ಊಟಕ್ಕೆ ಕೊಡುವುದು ಮೇಲೆ ಲೆಕ್ಕ ಬಂದಂತೆ 2,400. ಅದೇ ಮಗುವಿನ ಆಟ-ಪಾಠದ ಸಾಮಗ್ರಿಗೆ ಬರುವುದು ಇಡೀ ಕೇಂದ್ರಕ್ಕೆ ವರ್ಷಕ್ಕೊಂದು ಕಿಟ್.

ನಾಲ್ಕು-ಐದು ವರ್ಷದವರಿಗೆ ಹತ್ತಿರ ಕರ್ನಾಟಕ ಪಬ್ಲಿಕ್ ಶಾಲೆ ಇದ್ದರೆ ಅಲ್ಲಿ ಎಲ್‌ಕೆಜಿ, ಯುಕೆಜಿ ಇದೆ. ವಯಸ್ಸು ನೋಡಿಕೊಳ್ಳಿ: ಜೂನ್ 1ಕ್ಕೆ ಎಲ್‌ಕೆಜಿಗೆ 4, ಯುಕೆಜಿಗೆ 5, ಒಂದನೇ ತರಗತಿಗೆ 6 ತುಂಬಿರಬೇಕು. ಈ ವರ್ಷ (2025-26) ಮಾತ್ರ ಒಂದನೇ ತರಗತಿಗೆ 5 ವರ್ಷ 5 ತಿಂಗಳ ಸಡಿಲಿಕೆ ಇತ್ತು. ಹಾಗಾಗಿ ಮುಂದಿನ ಜೂನ್‌ಗೆ ಐದು ಮುಕ್ಕಾಲು ಇರುವ ಮಗು ಇನ್ನೊಂದು ವರ್ಷ ಅಂಗನವಾಡಿಯಲ್ಲಿ ಅಥವಾ ಯುಕೆಜಿಯಲ್ಲಿ ಇರಬೇಕಾಗುತ್ತೆ. ಇದನ್ನು ತಾಯಂದಿರಿಗೆ ಈಗಲೇ ತಿಳಿಸಿ.

ತೊಟ್ಟಿಲು · 9 ಜುಲೈ

ಶಾಲೆಯ ಎಲ್‌ಕೆಜಿಗೆ ಕಳಿಸುವುದನ್ನು ನಾನು ಪೂರ್ತಿ ಒಪ್ಪಲಾರೆ. ನಾಲ್ಕು ದಾಟಿದವರೆಲ್ಲ ಶಾಲೆಗೆ ಹೋದರೆ ಅಂಗನವಾಡಿಯಲ್ಲಿ ಉಳಿಯುವುದು ಹತ್ತು ಮಕ್ಕಳು. ಆಮೇಲೆ "ಹಾಜರಿ ಇಲ್ಲ" ಅಂತ ಆ ಕೇಂದ್ರವನ್ನೇ ಬೇರೆ ಕಡೆಗೆ ಎತ್ತುತ್ತಾರೆ. ಕೇಂದ್ರ ಹೋದರೆ ಮಾತೃಪೂರ್ಣದಲ್ಲಿ ಗರ್ಭಿಣಿಗೆ, ಬಾಣಂತಿಗೆ ತಿಂಗಳಿಗೆ 25 ದಿನ ಸಿಗುವ ಬಿಸಿಯೂಟವೂ ಹೋಯಿತು.

ಅಆಇಈ · 9 ಜುಲೈ

ನಿಮ್ಮ ಆತಂಕ ಸರಿ. 2024ರಲ್ಲಿ ಅಂಗನವಾಡಿ ನೌಕರರು ಬೀದಿಗಿಳಿದದ್ದೂ ಇದಕ್ಕೇ, ಅದರ ಮೇಲೆ ಅಂಗನವಾಡಿಗಳಲ್ಲೇ ಸರ್ಕಾರಿ ಮಾಂಟೆಸ್ಸರಿ ಅಂತ ಶುರುವಾಯಿತು. ಆದರೆ ತಾಯಂದಿರು ಸಾಲ ಮಾಡಿ ಕಾನ್ವೆಂಟಿಗೆ ಕಳಿಸುತ್ತಿರುವುದು ಅಂಗನವಾಡಿಯಲ್ಲಿ ಊಟ ಬಿಟ್ಟು ಬೇರೆ ನಡೆಯುವುದು ಕಾಣದೇ ಇರುವುದರಿಂದ. ಕಾರ್ಯಕರ್ತೆಯ ಬೆಳಗೆಲ್ಲ ರಿಜಿಸ್ಟರು, ಆ್ಯಪು, ಸರ್ವೆಗಳಲ್ಲಿ ಕಳೆದರೆ ಅಂಗನವಾಡಿಯ ಪಾಠದ ಚಿಲಿಪಿಲಿ ಪುಸ್ತಕ ಬೀರುವಿನಲ್ಲೇ ಉಳಿಯುತ್ತೆ. ಬಾಲವಿಕಾಸ ಸಮಿತಿಯವರು ಒಂದೇ ಒಂದು ಪಟ್ಟು ಹಿಡಿಯಬಹುದು: ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಆಕೆಯ ಕೈಗೆ ಯಾರೂ ಫೋನು ಕೊಡಬಾರದು, ಸಭೆಗೆ ಕರೆಯಬಾರದು.

ತೊಟ್ಟಿಲು · 9 ಜುಲೈ

ಆ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ.

ಹೊಂಗೆನೆರಳು · 10 ಜುಲೈ

ಎಲ್ಲರಿಗೂ ಧನ್ಯವಾದ. ಸೋಮವಾರ ಸಿಡಿಪಿಒ ಕಚೇರಿಗೆ ಹೋಗುವುದಿದೆ. ಹೊಸ ಕೇಂದ್ರ, ಅಲ್ಲಿಯವರೆಗೆ ಸ್ಥಳಾಂತರ, ಪಾಲನಾ – ಮೂರನ್ನೂ ಒಂದೇ ಅರ್ಜಿಯಲ್ಲಿ ಬರೆಯಬಹುದಾ? ಕೊಡದಿದ್ದರೆ ಮುಂದೆ ಯಾರಿಗೆ?

ಕಡತಪಾಲ · 10 ಜುಲೈ

ಬೇಡ, ಎರಡು ಅರ್ಜಿ ಮಾಡಿ. ಹೊಸ ಕೇಂದ್ರ ಮತ್ತು ಸ್ಥಳಾಂತರ ಒಂದರಲ್ಲಿ, ಪಾಲನಾ ಇನ್ನೊಂದರಲ್ಲಿ. ಯೋಜನೆ ಬೇರೆ, ಕಡತ ಬೇರೆ. ಒಂದೇ ಹಾಳೆಯಲ್ಲಿದ್ದರೆ ಸುಲಭದ್ದಕ್ಕೆ ಉತ್ತರ ಕೊಟ್ಟು ಕಷ್ಟದ್ದನ್ನು ಮುಚ್ಚಿಬಿಡುತ್ತಾರೆ. ಪಾಲನಾ ಅರ್ಜಿಯಲ್ಲಿ 19 ಮಕ್ಕಳ ಪಟ್ಟಿ ಮಾತ್ರ ಲಗತ್ತಿಸಿ, ತಾಯಿ ಹೊರಡುವ-ಬರುವ ಹೊತ್ತಿನ ಸಮೇತ. ಮಗು ನೋಡಿಕೊಳ್ಳಲು ಶಾಲೆ ಬಿಟ್ಟಿರುವ ಅಕ್ಕಂದಿರ ಸಂಖ್ಯೆ, ಅವರ ಶಾಲೆ, ತರಗತಿಯನ್ನೂ ಕೆಳಗೆ ಸೇರಿಸಿ, ಪ್ರತಿಯೊಂದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಳಿಸಿ. ಆಗ ಎರಡು ಇಲಾಖೆ ಉತ್ತರ ಹೇಳಬೇಕಾಗುತ್ತೆ.

ಮೂವತ್ತು ದಿನ ಆದ ಮೇಲೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕಡತದ ಟಿಪ್ಪಣಿ ಹಾಳೆಗಳ ನಕಲು ಕೇಳಿ, ಯಾರ ಮೇಜಿನ ಮೇಲೆ ನಿಂತಿದೆ ಅನ್ನೋದು ಅದರಲ್ಲಿ ಇರುತ್ತೆ. ಮೂರು ತಿಂಗಳು ದಾಟಿದರೆ ಆಹಾರ ಭದ್ರತಾ ಕಾಯ್ದೆಯ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗೆ ದೂರು, ಅಲ್ಲೂ ಆಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ.

ಅಳತೆಚಮಚ · 10 ಜುಲೈ

ಹೋಗುವಾಗ ಮೂಲ ಪಟ್ಟಿ ಕೊಟ್ಟುಬಿಡಬೇಡಿ, ಜೆರಾಕ್ಸ್ ಕೊಡಿ. ಮತ್ತೆ 46ರಲ್ಲಿ ಈ ಮೂರು ತಿಂಗಳಲ್ಲಿ ಆರು ತುಂಬುವವರು ಎಷ್ಟು ಅಂತ ಎಣಿಸಿಕೊಳ್ಳಿ. ಏಳು ಮಕ್ಕಳು ಆಚೆ ಹೋದರೆ 39 ಆಗುತ್ತೆ. ಪರಿಶೀಲನೆಗೆ ಬಂದವರು ಅದನ್ನೇ ಹಿಡಿದುಕೊಳ್ಳಬಹುದು. ಗರ್ಭಿಣಿಯರ ಹೆರಿಗೆ ತಿಂಗಳನ್ನೂ ಬರೆದಿಟ್ಟರೆ ಹೊಸದಾಗಿ ಸೇರುವವರನ್ನು ತೋರಿಸಬಹುದು.

ಹೊಂಗೆನೆರಳು · 10 ಜುಲೈ

ಈಗ ಎಣಿಸಿದೆ. ಅಕ್ಟೋಬರ್ ಒಳಗೆ ಆರು ತುಂಬುವವರು 4, ಹೆರಿಗೆ ಆಗಬೇಕಾದವರು 5. ಪಟ್ಟಿಯ ಕೊನೆಗೆ ಸೇರಿಸುತ್ತಿದ್ದೇನೆ.